ಅಲ್ಬಿನ್ ಸ್ನಾನ ಮಾಡಿದ ಶನಿವಾರ

ಅಲ್ಬಿನ್ ರೆಬೆಚ್‌ನ ಸೆಪ್ಟಿಕ್ ಟ್ಯಾಂಕಿನಿಂದ ವಾಸನೆ ಬರುತ್ತಿರಲಿಲ್ಲ. ತಾಪತ್ರಯವೆಲ್ಲ ಶುರುವಾದದ್ದು ಅಲ್ಲಿಂದಲೇ.

ಶುಕ್ರವಾರ ಸಂಜೆ ಗುಹೆ ಹುಡುಕುವ ಸಂಘದ ಯೋಷ್ಕೊ ನಮ್ಮ ಲಿಪೊವದ ಮನೆಮನೆಗೂ ಹೋಗಿ ಹಿತ್ತಲು ನೋಡಿಕೊಂಡು ಬಂದ. ಅಲ್ಬಿನ್‌ನ ಹಿತ್ತಲಲ್ಲಿ ಟ್ಯಾಂಕಿಗೆ ಸಿಮೆಂಟಿನ ಮುಚ್ಚಳ, ಮುಚ್ಚಳದ ಮೇಲೆ ಸಾಲಾಗಿ ಹೂವಿನ ಕುಂಡ. ಯೋಷ್ಕೊ ಬಗ್ಗಿ ಉಸಿರೆಳೆದುಕೊಂಡ.

"ಏನಣ್ಣ ಇದು, ಒಂಚೂರೂ ವಾಸನೆನೇ ಇಲ್ವಲ್ಲ!" ಎಂದು ನಕ್ಕು ಮುಂದಿನ ಮನೆಗೆ ಹೋದ.

ಆ ನಗುವಿನಿಂದ ಅಲ್ಬಿನ್‌ಗೆ ಅನ್ನ ನೀರು ರುಚಿಸದಂತಾಯಿತು. ವಾಸನೆ ಬರದಿದ್ದುದಕ್ಕೆ ಕಾರಣ ಸರಳವಾಗಿತ್ತು. ಆ ಟ್ಯಾಂಕಿಗೂ ಮನೆಗೂ ಯಾವ ಸಂಬಂಧವೂ ಇರಲಿಲ್ಲ. ಎಲ್ಲರೂ ಟ್ಯಾಂಕು ಕಟ್ಟಿಸಬೇಕೆಂದು ಆದೇಶ ಬಂದಾಗ ಅಲ್ಬಿನ್ ಕಟ್ಟಿಸಿದ್ದ, ನಿಜ. ಆದರೆ ಕಕ್ಕಸಿನಿಂದ ಅಲ್ಲಿಗೆ ಪೈಪು ಹಾಕಲು ಬಂಡೆ ಒಡೆಯಬೇಕಿತ್ತು. ಒಂದು ಮಧ್ಯಾಹ್ನ ಹಾರೆ ಹಿಡಿದು ನೋಡಿದ. ಸೊಂಟ ಹಿಡಿದುಕೊಂಡಿತು. ಬಿಟ್ಟುಬಿಟ್ಟ. ಈಗ ಆ ಟ್ಯಾಂಕಿನಲ್ಲಿ ತೆರಾನ್ ವೈನಿನ ಬಾಟಲಿಗಳಿವೆ. ಬೇಸಿಗೆಯಲ್ಲಿ ಅಷ್ಟು ತಂಪಾದ ಜಾಗ ಊರಲ್ಲಿ ಇನ್ನೊಂದಿಲ್ಲ. ಮನೆಯ ಕಕ್ಕಸು, ಬಚ್ಚಲು, ಅಡುಗೆಮನೆಯ ನೀರೆಲ್ಲ ಅವನ ತಾತನ ಕಾಲದಿಂದ ಎಲ್ಲಿಗೆ ಹೋಗುತ್ತಿತ್ತೋ ಅಲ್ಲಿಗೇ ಹೋಗುತ್ತಿತ್ತು. ಕಕ್ಕಸಿನ ಅಡಿಯಲ್ಲಿ ಬಂಡೆಯಲ್ಲೊಂದು ಬಿರುಕಿತ್ತು. ತಾತ ಅದನ್ನು ದೇವರು ಕೊಟ್ಟದ್ದೆಂದೇ ತಿಳಿದಿದ್ದ. ಎಷ್ಟು ಸುರಿದರೂ ತುಂಬುತ್ತಿರಲಿಲ್ಲ, ಯಾವತ್ತೂ ಕಟ್ಟಿಕೊಳ್ಳುತ್ತಿರಲಿಲ್ಲ. ಹೋದದ್ದು ಹೋಯಿತು, ಇನ್ನು ವಾಪಸು ಬರುವುದಿಲ್ಲ ಎನ್ನುವುದು ಆ ಮನೆಯ ಮೂರು ತಲೆಮಾರಿನ ನಂಬಿಕೆ.

ನಮ್ಮ ಕಡೆಯ ನೆಲವೇ ಹಾಗೆ. ಮೇಲೆ ಒಂದು ಹೊಳೆಯಿಲ್ಲ, ಹಳ್ಳವಿಲ್ಲ. ಬಿದ್ದ ಮಳೆಯೆಲ್ಲ ಸುಣ್ಣಕಲ್ಲಿನ ತೂತುಗಳಲ್ಲಿ ಇಳಿದು, ಒಳಗೆಲ್ಲೋ ಕತ್ತಲಲ್ಲಿ ಹರಿದು, ಗುಡ್ಡದ ಬುಡದ ಸ್ತುದೆನ ಊರಿನಲ್ಲಿ ಚಿಲುಮೆಯಾಗಿ ಹೊರಬರುತ್ತದೆ. ಆ ನೀರಿನಲ್ಲಿ ಲುದ್ವಿಕ್ ಟ್ರೌಟ್ ಮೀನು ಸಾಕುತ್ತಾನೆ. ನೀರು ಕಡಿಮೆಯಾದ ಈ ಎರಡು ಬೇಸಿಗೆಯಿಂದ ಅವನ ಮೀನುಗಳು ಸಾಯುತ್ತಿದ್ದವು. ಒಮ್ಮೆ ಚಿಲುಮೆಯ ಬಾಯಲ್ಲಿ ಒಂದು ಮನುಷ್ಯಮೀನೂ ಸತ್ತು ತೇಲಿತು. ಗುಹೆಯ ಕತ್ತಲಲ್ಲೇ ಹುಟ್ಟಿ ಬೆಳೆಯುವ, ಕಣ್ಣಿಲ್ಲದ, ಗೇಣುದ್ದದ ಬಿಳಿ ಜೀವ ಅದು. ಬಿಟ್ಟರೆ ನೂರು ವರ್ಷ ಬದುಕುತ್ತದೆ. ಯೋಷ್ಕೊ ಅದನ್ನು ಅಂಗೈಯಲ್ಲಿಟ್ಟುಕೊಂಡು ಚರ್ಚಿನ ಮುಂದೆ ನಿಂತು, ನಾಚಿಕೆಯಿಲ್ಲದೆ ಅತ್ತ. ಲುದ್ವಿಕ್ ಅಳಲಿಲ್ಲ. "ಮೇಲೆ ಲಿಪೊವದಲ್ಲಿ ಯಾವನೋ ಹೊಲಸು ಬಿಡ್ತಿದಾನೆ. ಯಾರು ಅಂತ ಗೊತ್ತಾಗ್ಲಿ, ಅವನ ಮನೆ ಜೊತೆ ಸಾಯೋವರೆಗೂ ನಂಗೆ ಸಂಬಂಧ ಬೇಡ," ಎಂದು ಪಾದ್ರಿಯ ಎದುರಿಗೇ ಹೇಳಿದ.

ಊರಿಗೆಲ್ಲ ಅನುಮಾನ ಪಾವ್ಲಕ್ಕನ ಮೇಲೆ. ಅಲ್ಬಿನ್‌ನ ಗೋಡೆಯಾಚೆಯ ಮನೆ ಅವಳದು. ಗಂಡನಿಲ್ಲದ ಹೆಂಗಸು, ಹಂದಿ ಸಾಕಿದ್ದಳು, ಬಾಯಿ ಜೋರು. ಇಷ್ಟು ಸಾಕಲ್ಲ! "ಆ ಹಂದಿಗಳದ್ದೇ ಕೆಲಸ," ಎಂದು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವನು ಅಲ್ಬಿನ್.

ಅಲ್ಬಿನ್‌ಗೆ ಒಬ್ಬಳೇ ಮಗಳು, ಅಲೆಂಕ. ಅವಳು ಮೆಚ್ಚಿದ್ದು ಲುದ್ವಿಕ್‌ನ ಮಗ ತಿಲೆನ್‌ನನ್ನು. ಮದುವೆಯ ದಿನ ಗೊತ್ತುಮಾಡುವ ಊಟ ಶನಿವಾರ ಮಧ್ಯಾಹ್ನ ಸ್ತುದೆನದಲ್ಲಿ. ಅದೇ ಶನಿವಾರ ಬೆಳಿಗ್ಗೆ ಯೋಷ್ಕೊ ಲಿಪೊವದಲ್ಲಿ ಒಂದು ಕಡೆ ಹೊಲಸು ನೀರಿಗೆ ಬಣ್ಣ ಹಾಕುವವನಿದ್ದ. ಊಟ ಮಾಡುತ್ತಾ ಎಲ್ಲರೂ ಚಿಲುಮೆಯನ್ನು ಕಾಯುವುದು, ಬಣ್ಣ ಬಂದರೆ ಕಳ್ಳ ಸಿಕ್ಕ ಹಾಗೆ. ಇದು ಲುದ್ವಿಕ್‌ನ ಏರ್ಪಾಡು.

"ನೋಡೋಕೆ ಕೆಂಪು ಪುಡಿ," ಎಂದು ಯೋಷ್ಕೊ ಅಗ್ನಿಶಾಮಕ ದಳದ ಕಟ್ಟಡದಲ್ಲಿ ಎಲ್ಲರಿಗೂ ಡಬ್ಬಿ ತೋರಿಸಿದ್ದ. "ನೀರು ತಾಗಿದ್ರೆ ಹಸಿರು. ಒಂದು ಹಿಡಿ ಸಾಕು, ಚಿಲುಮೆ ಪೂರ್ತಿ ಹಸಿರಾಗುತ್ತೆ. ಯಾರ ಮನೇಲಿ ಹಾಕ್ತೀನಿ ಅಂತ ಮಾತ್ರ ಈಗ್ಲೇ ಹೇಳಲ್ಲ."

ಹೇಳಬೇಕಾದ ಅಗತ್ಯ ಅಲ್ಬಿನ್‌ಗೆ ಕಾಣಲಿಲ್ಲ. ವಾಸನೆಯಿಲ್ಲದ ಟ್ಯಾಂಕನ್ನು ನೋಡಿ ನಕ್ಕವನು ಇನ್ಯಾರ ಮನೆಗೆ ಹೋಗುತ್ತಾನೆ? ಅಗ್ನಿಶಾಮಕ ದಳದ ಪಂಪು ನೋಡಿಕೊಳ್ಳುವವನು ಅಲ್ಬಿನ್, ಕಟ್ಟಡದ ಕೀಲಿ ಇದ್ದದ್ದೂ ಅವನ ಹತ್ತಿರವೇ. ಶನಿವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ಅಲ್ಲೇ ಇಟ್ಟಿದ್ದ ಡಬ್ಬಿಯ ಪುಡಿಯನ್ನು ಒಂದು ಕಾಗದದ ಪೊಟ್ಟಣಕ್ಕೆ ಸುರಿದುಕೊಂಡು, ಡಬ್ಬಿಗೆ ಮನೆಯಿಂದ ತಂದಿದ್ದ ಕೆಂಪು ಮೆಣಸಿನ ಪುಡಿ ತುಂಬಿದ. ಬಣ್ಣ ಒಂದೇ. ಪೊಟ್ಟಣವನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು, ಊಟವಾದ ಮೇಲೆ ಎಲ್ಲಾದರೂ ಎಸೆದರಾಯಿತೆಂದುಕೊಂಡ. ಇನ್ನು ಯೋಷ್ಕೊ ಬೇಕಾದರೆ ನನ್ನ ತಲೆಯ ಮೇಲೇ ಸುರಿಯಲಿ ಎಂಬಷ್ಟು ಧೈರ್ಯ ಬಂತು.

ಜನ ಸೇರಿದರು. ಯೋಷ್ಕೊ ಡಬ್ಬಿ ಎತ್ತಿಕೊಂಡು, "ನಡೀರಿ, ಪಾವ್ಲಕ್ಕನ ಮನೆಗೆ," ಎಂದ.

ಅಲ್ಬಿನ್ ಒಂದು ಗಳಿಗೆ ನಿಂತಲ್ಲೇ ನಿಂತ. ಸುಮ್ಮನೆ ಮನೆಯಲ್ಲಿ ಮಲಗಿದ್ದರೂ ಸಾಕಿತ್ತು ಎಂಬುದು ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಪುಡಿಯನ್ನು ವಾಪಸು ಹಾಕುವುದಕ್ಕೆ ಈಗ ದಾರಿಯಿರಲಿಲ್ಲ. ಬಣ್ಣದ ಹಿಂದೆ ನೀರು ಬಿಡುವ ಪಂಪಿನ ಗಾಡಿ ಏರಿ ಎಲ್ಲರ ಹಿಂದೆ ಹೊರಟ.

ಪಾವ್ಲಕ್ಕ ಹಂದಿಗೂಡಿನ ಪಕ್ಕದ ಗುಂಡಿಯ ಹತ್ತಿರ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಹಾಕಪ್ಪ, ಹಾಕು. ಟ್ಯಾಂಕ್ ಕಟ್ಟಿಸ್ದೆ, ಪೈಪ್ ಹಾಕಿಸ್ದೆ, ಆದ್ರೂ ನನ್ನ ಹಂದಿ ಮೇಲೇ ಎಲ್ರ ಕಣ್ಣು. ಈ ಗುಂಡಿಗೆ ಮಳೆ ನೀರು ಬಿಟ್ರೆ ಬೇರೆ ಏನೂ ಹೋಗಲ್ಲ."

"ಹಾಗಂತ ಎಲ್ರೂ ಹೇಳ್ತಾರೆ ಪಾವ್ಲಕ್ಕ," ಎಂದ ಅಲ್ಬಿನ್.

"ಎಲ್ರೂ ಹೇಳ್ತಾರೆ, ನೀನು ಕೂಗ್ತೀಯ," ಎಂದಳು ಪಾವ್ಲಕ್ಕ.

ಯೋಷ್ಕೊ ಡಬ್ಬಿಯನ್ನು ಗುಂಡಿಯೊಳಗೆ ಬಗ್ಗಿಸಿದ. ಜೋರಾಗಿ ಸೀನಿದ. ಇನ್ನೊಂದು ಸಲ ಸೀನಿದ. ಗೂಡಿನಲ್ಲಿ ಒಂದು ಹಂದಿಯೂ ಸೀನಿತು. "ಈ ಸಲದ ಸರಕು ಸ್ವಲ್ಪ ಘಾಟು," ಎಂದು ಕಣ್ಣೊರೆಸಿಕೊಂಡ. ಯಾರೂ ಒಳಗೆ ಬಗ್ಗಿ ನೋಡುವ ಮೊದಲೇ ಅಲ್ಬಿನ್ ನೀರು ಬಿಟ್ಟ. ಅವಸರದಲ್ಲಿ ಒಂದೇ ಸಲಕ್ಕೆ ಪೂರ್ತಿ ಬಿಟ್ಟ. ಕೊಳವೆ ಹಾವಿನ ಹಾಗೆ ಎದ್ದು ಅವನ ಎದೆಗೆ, ಹೊಟ್ಟೆಗೆ, ತೊಡೆಗೆ ಹೊಡೆದು ಆಮೇಲೆ ಗುಂಡಿಗೆ ತಿರುಗಿತು. ಗುಂಡಿ ತೊಳೆದು ಶುದ್ಧವಾಯಿತು. ಅಲ್ಬಿನ್ ತೊಯ್ದು ತೊಪ್ಪೆಯಾದ.

ಅವನ ಹೆಂಡತಿ ಜೋರ್ಕ ಪಕ್ಕಕ್ಕೆ ಬಂದು ಮೆಲ್ಲಗೆ, "ನಿನ್ನ ಕಾಲು ನೋಡ್ಕೋ," ಎಂದಳು.

ಪ್ಯಾಂಟಿನ ಜೇಬಿನಿಂದ ಹಸಿರು ನೀರು ಇಳಿದು ಬೂಟು ಸೇರುತ್ತಿತ್ತು. ಎಳೆ ಹುಲ್ಲಿನ ಹಸಿರಲ್ಲ. ಔಷಧಿ ಅಂಗಡಿಯ ದೀಪದ ಹಸಿರು. ಅಲ್ಬಿನ್ ಜೇಬು ಮುಚ್ಚಿಕೊಂಡ. ಕೈ ಹಸಿರಾಯಿತು. ಇನ್ನೊಂದು ಕೈಯಿಂದ ಆ ಕೈ ಒರೆಸಿದ, ಅದೂ ಹಸಿರಾಯಿತು. "ಬಟ್ಟೆ ಬದಲಾಯಿಸ್ಕೊಂಡು ಬರ್ತೀನಿ," ಎಂದು ಕೂಗಿ, ಗೋಡೆಗೆ ಅಂಟಿಕೊಂಡು ಮನೆಗೆ ಓಡಿದ.

ಜೋರ್ಕ ಅವನನ್ನು ಬಚ್ಚಲಿಗೆ ತಳ್ಳಿ ಬಾಗಿಲು ಹಾಕಿದಳು. "ನನ್ನ ಮೆಣಸಿನ ಪುಡಿ ಎಲ್ಲಿ?"

"ಪಾವ್ಲಕ್ಕನ ಗುಂಡೀಲಿ."

ಜೋರ್ಕ ಗಂಡನನ್ನು ನೋಡಿದಳು, ಅವನ ಹಸಿರು ಕಾಲನ್ನು ನೋಡಿದಳು. "ನಿನ್ನ ಕಟ್ಕೊಂಡಾಗ ನಮ್ಮಮ್ಮ ಹೇಳಿದ್ಲು," ಎಂದಳು. ಅವಳಮ್ಮ ಹೇಳಿದ್ದೇನೆಂದು ಹೇಳಲಿಲ್ಲ. ಸೋಪು ತಂದು ಕೊಟ್ಟಳು.

ಅಲ್ಬಿನ್ ತೊಟ್ಟಿಯಲ್ಲಿ ಕೂತು ಉಜ್ಜಿದ. ನೀರು ಹಸಿರಾಯಿತು, ಬಿಟ್ಟ. ಮತ್ತೆ ತುಂಬಿಸಿದ, ಮತ್ತೆ ಹಸಿರಾಯಿತು, ಬಿಟ್ಟ. ಪ್ಯಾಂಟು, ಬೂಟು, ಒದ್ದೆಯಾಗಿದ್ದ ಪೊಟ್ಟಣ ಎಲ್ಲವನ್ನೂ ಅದೇ ನೀರಿನಲ್ಲಿ ತೊಳೆದು ಸಾಕ್ಷಿಯನ್ನು ಪೂರ್ತಿ ನಾಶಮಾಡಿದ. ತೊಟ್ಟಿಯ ತೂತಿನಲ್ಲಿ ಹಸಿರು ನೀರು ಗುಳುಗುಳು ಎಂದು ಇಳಿದುಹೋಗುವುದನ್ನು ನೋಡಿ ಅವನಿಗೆ ನೆಮ್ಮದಿಯೆನಿಸಿತು. ಮೂರು ತಲೆಮಾರಿನ ನಂಬಿಕೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಮೈಯ ಬಣ್ಣ ಮಾತ್ರ ಹೋಗಲಿಲ್ಲ. ಎಡಗಾಲು ಪೂರ್ತಿ, ಎರಡು ಕೈ ಮಣಿಕಟ್ಟಿನವರೆಗೆ. ಕಾಲಿಗೆ ಪ್ಯಾಂಟು ಇತ್ತು, ಕೈಗೆ? ಜೋರ್ಕ ಬೀರುವಿನಿಂದ ಅಗ್ನಿಶಾಮಕ ದಳದ ಹಬ್ಬದ ಯೂನಿಫಾರ್ಮ್ ತೆಗೆದಳು. ಅದರ ಜೊತೆಗೆ ಬಿಳಿ ಕೈಗವಸುಂಟು. ಆಗಸ್ಟ್ ತಿಂಗಳ ಬಿಸಿಲಿನಲ್ಲಿ, ಉಣ್ಣೆಯ ಕೋಟು, ಹಿತ್ತಾಳೆ ಗುಂಡಿ, ಬಿಳಿ ಕೈಗವಸು ತೊಟ್ಟು ಅಲ್ಬಿನ್ ಬೀಗರ ಮನೆಗೆ ಹೊರಟ.

ಲುದ್ವಿಕ್ ಅವನನ್ನು ನೋಡಿ ಗದ್ಗದಿತನಾದ. "ನೋಡ್ರೋ, ನೋಡಿ ಕಲೀರಿ. ಸಂಬಂಧ ಮಾತಾಡೋಕೆ ಬರೋದು ಅಂದ್ರೆ ಹೀಗೆ ಬರ್ಬೇಕು," ಎಂದು ಎಲ್ಲರಿಗೂ ತೋರಿಸಿದ. ಚಿಲುಮೆಯ ಪಕ್ಕದ ಮರದಡಿ ಮೇಜು ಹಾಕಿದ್ದರು. ಹುಳಿ ಹಾಕಿದ ಟರ್ನಿಪ್ಪು, ಹುರುಳಿಕಾಳಿನ ಯೋಟ ಸಾರು, ಗಾಳಿಗೆ ಒಣಗಿಸಿದ ಹಂದಿತೊಡೆಯ ತೆಳು ಹೋಳು, ಹುರಿದ ಟ್ರೌಟು. ಗುಮಾನಿಗೆ ಸಿಕ್ಕವಳು ಎದುರಿಗೇ ಇರಲಿ ಎಂದು ಪಾವ್ಲಕ್ಕನನ್ನೂ ಕರೆದಿದ್ದರು. ಅವಳು ಮೇಜಿನ ಮೂಲೆಯಲ್ಲಿ ಕೂತಿದ್ದಳು.

"ಕೈಗವಸು ತೆಗೀರಿ ಬೀಗರೇ, ಮೀನು ತಿನ್ನೋಕಾಗಲ್ಲ," ಎಂದ ಲುದ್ವಿಕ್.

"ಇರ್ಲಿ. ಮರ್ಯಾದೆ," ಎಂದ ಅಲ್ಬಿನ್. ಬೆವರು ಮೂಗಿನ ತುದಿಯಿಂದ ಸಾರಿಗೆ ಬೀಳುತ್ತಿತ್ತು.

"ಬಣ್ಣ ಬರೋಕೆ ನಾಳೆ ನಾಡಿದ್ದಾಗ್ಬಹುದು," ಎಂದು ಯೋಷ್ಕೊ ಹೇಳಿದ. "ಬಿರುಕಲ್ಲಿ ನೀರು ನಿಧಾನ." ಇದನ್ನು ಕೇಳಿ ಅಲ್ಬಿನ್ ಎರಡನೇ ಬಟ್ಟಲು ಸಾರು ಹಾಕಿಸಿಕೊಂಡ. ಬರದ ಬಣ್ಣಕ್ಕೆ ಎಷ್ಟು ದಿನ ಕಾದರೇನು? ಅಲೆಂಕ ಎದುರಿಗೆ ತಿಲೆನ್‌ನ ಪಕ್ಕ ಕೂತು ನಗುತ್ತಿದ್ದಳು. ಬೆಳಗಿನಿಂದ ಮೊದಲ ಸಲ ಅಲ್ಬಿನ್‌ಗೆ ಹೊಟ್ಟೆ ತುಂಬ ಸಂತೋಷವಾಯಿತು.

ಪಾದ್ರಿಯನ್ನು ಕೇಳಿ ದಿನ ಇಡೋಣ ಎನ್ನುವಷ್ಟರಲ್ಲಿ ಚಿಲುಮೆಯ ಹತ್ತಿರ ಯಾರೋ ಕಿರುಚಿದರು. ಎಲ್ಲರೂ ಎದ್ದು ಓಡಿದರು. ಕಲ್ಲಿನ ಬಾಯಿಂದ ನೀರು ಹಸಿರಾಗಿ ಉಕ್ಕುತ್ತಿತ್ತು. ಮೀನಿನ ಹೊಂಡಗಳು ಒಂದಾದ ಮೇಲೊಂದು ಹಸಿರಾದವು. ಮೀನುಗಳೇನೋ ನಿಶ್ಚಿಂತೆಯಿಂದ ಈಜುತ್ತಿದ್ದವು.

ಎಲ್ಲರೂ ತಿರುಗಿ ಪಾವ್ಲಕ್ಕನನ್ನು ನೋಡಿದರು. ಅಲ್ಬಿನ್ ಮಾತ್ರ ನೀರನ್ನೇ ನೋಡುತ್ತಿದ್ದ. ಅದು ತನ್ನ ಸ್ನಾನದ ನೀರು ಎಂದು ಅವನಿಗೆ ಗೊತ್ತಾಯಿತು. ಹೋದದ್ದು ವಾಪಸು ಬಂದಿತ್ತು. ಬಂದದ್ದು ಪಾವ್ಲಕ್ಕನ ಹೆಸರಿನಲ್ಲಿ ಎಂಬುದು ಹೊಳೆಯಲು ಇನ್ನೊಂದು ನಿಮಿಷ ಬೇಕಾಯಿತು. ಆಗ ಕೋಟಿನ ಗುಂಡಿ ಸರಿಮಾಡಿಕೊಂಡ.

"ಅದು ಹೇಗಾಗುತ್ತೆ? ಬರೀ ಮಳೆ ನೀರು ಕಣ್ರೋ!" ಎಂದಳು ಪಾವ್ಲಕ್ಕ. ಯಾರೂ ಕೇಳಲಿಲ್ಲ. "ಹಂದಿ ಎಲ್ಲ ಹೋಗ್ಬೇಕು, ಒಂದೂ ಇರ್ಬಾರ್ದು," ಎಂದ ಲುದ್ವಿಕ್. "ಹಂದಿ ಹೋದ್ರೆ ನಾನು ಚಳಿಗಾಲದಲ್ಲಿ ಏನು ತಿನ್ಲಿ?" ಎಂದು ಆ ಜೋರುಬಾಯಿಯ ಹೆಂಗಸು ಮುಖ ಮುಚ್ಚಿಕೊಂಡು ಅತ್ತಳು. ಅಲ್ಬಿನ್‌ಗೆ ಪಾಪ ಅನ್ನಿಸಿತು. ನಿಜವಾಗಿಯೂ ಅನ್ನಿಸಿತು. ಆದರೆ ಅಲೆಂಕಳ ಮುಖ ನೋಡಿ, ಅದನ್ನು ನುಂಗಿಕೊಂಡು, ಮೇಜಿಗೆ ವಾಪಸು ಬಂದು ಕೂತ.

ಯೋಷ್ಕೊ ಮಾತ್ರ ನೀರಿನ ಪಕ್ಕ ಮಂಡಿಯೂರಿದವನು ಏಳಲಿಲ್ಲ. ಗಡಿಯಾರ ನೋಡಿದ, ನೀರು ನೋಡಿದ, ಮತ್ತೆ ಗಡಿಯಾರ ನೋಡಿದ. "ಇಷ್ಟು ಬೇಗ ಬಂತು ಅಂದ್ರೆ ಅದು ಬಿರುಕಲ್ಲ," ಎಂದ. "ಗುಹೆ. ಒಳಗೆ ನದಿ ಹರಿಯೋ ಅಂಥಾ ಗುಹೆ. ನಮ್ಮ ಸಂಘ ಮೂವತ್ತು ವರ್ಷದಿಂದ ಹುಡುಕ್ತಿರೋದು ಇದನ್ನೇ. ಪಾವ್ಲಕ್ಕ, ನಿನ್ನ ಹಿತ್ತಲ ಕೆಳಗಿದೆ!"

ಪಾವ್ಲಕ್ಕ ಮುಖದಿಂದ ಕೈ ತೆಗೆದಳು.

"ದೇಶದ ನಕ್ಷೆಗೆ ಸೇರುತ್ತೆ. ಟಿವಿಯವರು ಬರ್ತಾರೆ, ದೊಡ್ಡ ದೊಡ್ಡ ವಿಜ್ಞಾನಿಗಳು ಬರ್ತಾರೆ. ಮನುಷ್ಯಮೀನಿನ ಮನೆ ಅದು! ಹೆಸರಿಡ್ಬೇಕು ಈಗ. ಕಂಡುಹಿಡಿದವರ ಹೆಸರು ನಾವು ಇಡಲ್ಲ. ಆ ಜಾಗಕ್ಕೆ ನೆರೆಮನೆಯವರು ಏನಂತಾರೋ ಅದೇ ಗುಹೆಯ ಹೆಸರು, ಅದು ನಮ್ಮ ಪದ್ಧತಿ. ಜೋರ್ಕಕ್ಕ, ನೀವು ಏನಂತೀರಿ ಆ ಜಾಗಕ್ಕೆ?"

"ಪಾವ್ಲಾ ಹಿತ್ಲು ಅಂತೀವಿ," ಎಂದಳು ಜೋರ್ಕ. ಬೇರೇನು ಹೇಳಲು ಸಾಧ್ಯ?

"ಪಾವ್ಲಾ ಹಿತ್ತಲ ಗುಹೆ," ಎಂದ ಯೋಷ್ಕೊ. ಜನ ಚಪ್ಪಾಳೆ ತಟ್ಟಿದರು. ಹಂದಿಗಳಿಗೆ ಬೇರೆ ಕಡೆ ಗೂಡು ಕಟ್ಟಿಸಿಕೊಡೋಣ, ಪಾಪ, ಅವಳಿಗೇನು ಗೊತ್ತಿತ್ತು ಎಂದು ಲುದ್ವಿಕ್ಕೇ ಹೇಳಿದ. ಪಾವ್ಲಕ್ಕನನ್ನು ಮೂಲೆಯಿಂದ ಎಬ್ಬಿಸಿ ಮೇಜಿನ ತಲೆಯಲ್ಲಿ ಕೂರಿಸಿ, ಲೋಟಕ್ಕೆ ತೆರಾನ್ ಬಗ್ಗಿಸಿದ. ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು ಇನ್ನೊಂದು ಮೀನು ಕೇಳಿದಳು. ಆಮೇಲೆ ಮೇಜಿನಾಚೆ ನೋಡಿ, "ಅಲ್ಬಿನ್, ಬೇಜಾರ್ ಮಾಡ್ಕೋಬೇಡ. ಒಬ್ಬೊಬ್ಬರ ಹಿತ್ಲು ಒಂದೊಂಥರಾ," ಎಂದಳು.

ಪಾವ್ಲಕ್ಕನ ಕಣ್ಣೀರನ್ನು ಅಲ್ಬಿನ್ ತಡೆದುಕೊಂಡಿದ್ದ. ಇದನ್ನು ತಡೆದುಕೊಳ್ಳಲಾಗಲಿಲ್ಲ. ಮೂವತ್ತು ವರ್ಷ ಗೋಡೆಯಾಚೆಯಿಂದ ಅವಳ ಮಾತು ಕೇಳಿದ್ದ. ಇನ್ನು ದೇಶದ ನಕ್ಷೆಯಲ್ಲಿ ಅವಳ ಹೆಸರು ಓದಬೇಕು, ಅದೂ ತನ್ನ ತಾತನಿಗೆ ದೇವರು ಕೊಟ್ಟ ಬಿರುಕಿನ ಮೇಲೆ! ಜೋರ್ಕ ಅವನ ಕೋಟು ಹಿಡಿದು ಎಳೆದಳು. ಒಂದು ಹಿತ್ತಾಳೆ ಗುಂಡಿ ಅವಳ ಕೈಗೆ ಬಂತು.

"ಅದು ನನ್ನ ಗುಹೆ!" ಎಂದು ಅಲ್ಬಿನ್ ಎದ್ದು ಕೂಗಿದ.

"ಬೀಗರಿಗೆ ಬಿಸಿಲು ಜಾಸ್ತಿ ಆಯ್ತು," ಎಂದ ಲುದ್ವಿಕ್.

ಅಲ್ಬಿನ್ ಬಿಳಿ ಕೈಗವಸು ಎರಡನ್ನೂ ಕಿತ್ತು ಮೇಜಿನ ಮೇಲೆ ಹಾಕಿ, ಹಸಿರು ಕೈಗಳನ್ನು ಎತ್ತಿ ಹಿಡಿದ. ಅಷ್ಟಕ್ಕೇ ನಿಲ್ಲದೆ ಪ್ಯಾಂಟು ಮಡಿಸಿ ಕಾಲನ್ನು ಕುರ್ಚಿಯ ಮೇಲಿಟ್ಟು ತೋರಿಸಿದ. "ಅವಳ ಗುಂಡಿಗೆ ಹೋಗಿದ್ದು ಮೆಣಸಿನ ಪುಡಿ. ಬಣ್ಣ ಹೋಗಿದ್ದು ನನ್ನ ಬಚ್ಚಲಿಂದ, ನನ್ನ ಕಕ್ಕಸಿನ ಕೆಳಗಿರೋ ಬಿರುಕಿಂದ! ನಮ್ಮ ತಾತನ ಕಾಲದಿಂದ ಎಲ್ಲಾ ಅಲ್ಲಿಂದ್ಲೇ ಹೋಗೋದು! ಎಲ್ಲಾ!"

"ಅದಕ್ಕೇ ನನ್ನ ಹಂದಿ ಬೆಳಿಗ್ಗೆಯಿಂದ ಸೀನ್ತಾ ಇದೆ," ಎಂದಳು ಪಾವ್ಲಕ್ಕ.

ತಾನು ಹೇಳಿದ್ದರಲ್ಲಿ ಗುಹೆಯ ಜೊತೆ ಇನ್ನೇನೇನು ಸೇರಿತ್ತು ಎಂಬುದು ಅಲ್ಬಿನ್‌ಗೆ ಆಗ ಒಂದೊಂದಾಗಿ ತಿಳಿಯಿತು. ಮಗಳ ಕಡೆ ನೋಡಿದ. ಅಲೆಂಕ ತಟ್ಟೆ ನೋಡುತ್ತಿದ್ದಳು, ಕಿವಿ ಕೆಂಪಾಗಿತ್ತು. ಅಲ್ಬಿನ್‌ ಕಾಲನ್ನು ಕುರ್ಚಿಯಿಂದ ಇಳಿಸಿದ.

"ಲುದ್ವಿಕ್, ಹುಡುಗೀದೇನೂ ತಪ್ಪಿಲ್ಲ," ಎಂದ, ಸಣ್ಣ ದನಿಯಲ್ಲಿ.

"ಅದು ನಂಗೆ ಗೊತ್ತು," ಎಂದ ಲುದ್ವಿಕ್. ಹೊಂಡದ ಮೀನುಗಳನ್ನು ನೋಡಿದ. ತಿಲೆನ್ ಅಲೆಂಕಳ ಕೈ ಬಿಡದೆ ಕೂತಿದ್ದುದನ್ನೂ ನೋಡಿದ. "ಸಾಯೋವರೆಗೂ ಸಂಬಂಧ ಬೇಡ ಅಂದಿದ್ದೆ. ಮಕ್ಕಳ ಮುಖ ನೋಡಿ ಅದನ್ನ ವಾಪಸ್ ತಗೋತೀನಿ. ಆದ್ರೆ ದಿನ ನಾನಿಡಲ್ಲ. ನಿಮ್ಮ ಪೈಪು ನಿಮ್ಮ ಟ್ಯಾಂಕಿಗೆ ಸೇರಿದ ದಿನ ಬಂದು ಹೇಳಿ, ಮಾರನೇ ದಿನವೇ ಮದುವೆ. ಎಷ್ಟು ಬಂಡೆ ಇದೆ ಮಧ್ಯ?"

"ತುಂಬಾ ಇದೆ ಮಾವ," ಎಂದಳು ಅಲೆಂಕ, ತಲೆಯೆತ್ತದೆ. "ನಮ್ಮಪ್ಪಂಗೆ ಹಾರೆ ನಾನೇ ತಂದು ಕೊಡ್ತೀನಿ."

ಸಂಜೆ ಸಂಘದವರು ಅಲ್ಬಿನ್‌ನ ಮನೆಗೆ ಬಂದರು. ಊರಿಗೆ ಊರೇ ಹಿಂದೆ ಬಂತು. ಯೋಷ್ಕೊ ಕಕ್ಕಸಿನ ಅಡಿಯ ಬಿರುಕಿಗೆ ಕಿವಿಯಿಟ್ಟು, ಒಳಗೆ ನೀರು ಹರಿಯುವ ಸದ್ದು ಕೇಳಿ, ಇನ್ನೊಮ್ಮೆ ಕಣ್ಣಲ್ಲಿ ನೀರು ತಂದುಕೊಂಡ. ಆಮೇಲೆ ಕಣ್ಣೊರೆಸಿಕೊಂಡು ಮನೆಯ ಪೈಪುಗಳ ಬಾಯಿಗೆಲ್ಲ ಸಿಮೆಂಟು ಮೆತ್ತಿದ. "ಇವತ್ತಿಂದ ಒಂದು ತೊಟ್ಟೂ ಕೆಳಗೆ ಹೋಗ್ಬಾರ್ದು ಅಣ್ಣ. ಗುಹೆ ಕಾನೂನು. ಸ್ನಾನ, ಪಾತ್ರೆ, ಕಕ್ಕಸು, ಯಾವುದೂ ಇಲ್ಲ."

"ಆಗ್ಲಪ್ಪ," ಎಂದ ಅಲ್ಬಿನ್. ಉಣ್ಣೆಯ ಕೋಟು ಇನ್ನೂ ಮೈಮೇಲಿತ್ತು. ಮದುವೆ ಮುಂದಕ್ಕೆ ಹೋಯಿತು, ಮರ್ಯಾದೆ ಹೋಯಿತು, ಹೆಂಡತಿ ಮಾತು ಬಿಟ್ಟಿದ್ದಳು. ಆದರೂ ಎದೆ ಮುಂದೆ ಮಾಡಿ ನಿಂತಿದ್ದ. ನಕ್ಷೆಯಲ್ಲೊಂದು ಹೆಸರು ಉಳಿದಿತ್ತು. ಎಲ್ಲ ಕೊಟ್ಟು ಕೊಂಡದ್ದು ಅದೊಂದನ್ನೇ.

"ಹೆಸರು?" ಎಂದು ನೆನಪಿಸಿದ.

"ಹೌದಲ್ಲ," ಎಂದ ಯೋಷ್ಕೊ. "ನೆರೆಮನೆಯವರನ್ನ ಕೇಳ್ಬೇಕು. ಪಾವ್ಲಕ್ಕ, ಈ ಜಾಗಕ್ಕೆ ನೀವು ಏನಂತೀರಿ?"

ಪಾವ್ಲಕ್ಕ ಮುಂದೆ ಬಂದಳು. ಹಿತ್ತಲನ್ನೊಮ್ಮೆ ನಿಧಾನವಾಗಿ ನೋಡಿದಳು. ಅವಸರವೇನೂ ಇರಲಿಲ್ಲ ಅವಳಿಗೆ.

"ಅಲ್ಬಿನ್‌ನ ಕಕ್ಕಸು ಅಂತೀವಿ," ಎಂದಳು.

ಸುಳ್ಳೇನಲ್ಲ, ಇಡೀ ಊರು ಹಾಗೇ ಹೇಳುತ್ತಿತ್ತು. ಸುತ್ತ ನಿಂತವರೆಲ್ಲ ತಲೆಯಾಡಿಸಿದರು. ಯೋಷ್ಕೊ ಗಂಭೀರವಾಗಿ ಆ ಹೆಸರನ್ನು ಎರಡು ಸಲ ಬಾಯಲ್ಲಿ ಹೇಳಿ ನೋಡಿಕೊಂಡು, ಸರಿ ಎಂದ. ಪದ್ಧತಿ ಎಂದ ಮೇಲೆ ಪದ್ಧತಿ.

ಅಲ್ಬಿನ್‌ನ ಮುಖ ಕೆಂಪಾಯಿತು. ಬಾಯಿ ತೆರೆದ. ಪಾವ್ಲಕ್ಕನಿಗೆ ಹೇಳಬೇಕಾದ ಮೂವತ್ತು ವರ್ಷದ ಮಾತೆಲ್ಲ ನಾಲಿಗೆಯ ತುದಿಗೆ ಬಂದು ನಿಂತಿತು. ಅಷ್ಟರಲ್ಲಿ ಮಧ್ಯಾಹ್ನದ ಎರಡು ಬಟ್ಟಲು ಯೋಟ ಸಾರು ಅವನ ಹೊಟ್ಟೆಯಲ್ಲಿ ಒಮ್ಮೆ ಹೊರಳಿತು. ಸಿಮೆಂಟು ಮೆತ್ತಿದ ಪೈಪನ್ನು ನೋಡಿದ. ಗೋಡೆಯಾಚೆ ಪಾವ್ಲಕ್ಕನ ಮನೆಯನ್ನು ನೋಡಿದ.

"ಹೆಸರು ಚೆನ್ನಾಗಿದೆ ಪಾವ್ಲಕ್ಕ," ಎಂದ. "ಒಂದೈದು ನಿಮಿಷ ನಿಮ್ಮನೇಗೆ ಬಂದು ಹೋಗ್ಲಾ?"